ಖಾಲಿ ಶೀಟು ತೋರಿಸಿ ತಂದ ಗುಳಿಗೆ

ಅವ್ವನ ಎದೆಬಡಿತ ಲಯ ತಪ್ಪಿದಾಗ ಬಳ್ಳಾರಿಯ ಹಾರ್ಟ್ ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟರು. ಬಡಿತ ಸರಿಹೋಯಿತು. ಆಮೇಲೆ ಆ ಚೀಟಿಯನ್ನು ನಾವ್ಯಾರೂ ನೋಡಲಿಲ್ಲ. ಕುರುಗೋಡಿನಲ್ಲಿ ಔಷಧಿ ತರುವ ಪದ್ಧತಿಯೇ ಹಾಗೆ. ತೀರಿದ ಗುಳಿಗೆಯ ಖಾಲಿ ಶೀಟನ್ನು ಮೆಡಿಕಲ್ ಶಾಪಿನಲ್ಲಿ ತೋರಿಸಬೇಕು, ಅವನು ಅಂಥದ್ದೇ ಇನ್ನೊಂದು ಎಸೆಯುತ್ತಾನೆ. ಎರಡು ವರ್ಷ ಎಸೆದ. ಒಮ್ಮೆ ಏನೋ ಕೇಳಲು ಹೋದರೆ, "ಇದು ಸಾಯೋತನಕ ನುಂಗೋದ್ರಿ, ಕೇಳಾಕ ಏನೈತಿ?" ಎಂದ. ಶೀಟು ಕತ್ತರಿಸುವ ಕತ್ತರಿಯನ್ನೇ ಸ್ಟೆತಾಸ್ಕೋಪು ಎಂದು ತಿಳಿದಿದ್ದ ಮನುಷ್ಯ.

ಮೆಣಸಿನಕಾಯಿ ಬಿಡಿಸುವಾಗ ಎಲ್ಲರಿಗಿಂತ ಮೊದಲು ಸಾಲು ಮುಗಿಸುತ್ತಿದ್ದ ಅವ್ವ ಕೂತಲ್ಲೇ ತೂಕಡಿಸತೊಡಗಿದಳು. ಮುಖ ಊದಿತು, ದನಿ ಗೊಗ್ಗರಾಯಿತು. ನಮ್ಮ ಕಡೆಯ ಬೇಸಿಗೆಯಲ್ಲಿ ಕೌದಿ ಹೊದ್ದು ಮಲಗಿದಳು.

ಸಿರುಗುಪ್ಪದಿಂದ ಸೋದರಮಾವ ಬಂದ. ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಅವನ ಕೈಕೆಳಗೆ ಚೀಲ ಹೊತ್ತೇ ನಾನು ಡಿಗ್ರಿ ಮುಗಿಸಿದ್ದು. ಅವನ ಕಣ್ಣಿಗೆ ಕೂತವರೆಲ್ಲ ಮೈಗಳ್ಳರು.

"ಏನಕ್ಕಾ, ಮಗ ನೌಕರಿ ಹಿಡಿದ ಮ್ಯಾಲೆ ಭಾರಿ ಸಾವಕಾರ್ತಿ ಆದಿ. ಹೊತ್ತು ನೆತ್ತಿಗೆ ಬಂದರೂ ಹಾಸಿಗಿ."

"ಚಳಿ ಐತೋ ತಮ್ಮಾ."

"ಮೇ ತಿಂಗಳಾಗ ಚಳಿ? ಊಟಿಗೆ ಬಂದೀಯೇನು?"

ಪಡಸಾಲೆಯಲ್ಲಿದ್ದವರು ನಕ್ಕರು. ಅವ್ವ ಹಟಕ್ಕೆ ಬಿದ್ದು ಎದ್ದಳು. ನಾಲ್ಕು ಹೆಜ್ಜೆಗೆ ಗೋಡೆ ಹಿಡಿದು ಕುಸಿದಳು. ಇವಳನ್ನು ಕಳೆದುಕೊಳ್ಳುತ್ತೇನೆ ಎಂದು ನನಗೆ ಅನಿಸಿದ್ದು ಆಗ.

ಟ್ರಂಕು ತೆಗೆದು ಚೀಟಿ ಹುಡುಕಿದೆ. ಹರಿಯಬಾರದೆಂದು ಲ್ಯಾಮಿನೇಶನ್ ಮಾಡಿಸಿ, ನನ್ನ ಡಿಗ್ರಿ ಸರ್ಟಿಫಿಕೇಟಿನ ಜೊತೆ ಜೋಪಾನವಾಗಿಟ್ಟಿದ್ದೆ. ಅದರ ಕೆಳತುದಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಆರು ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ. ನಮ್ಮ ವಂಶದಲ್ಲಿ ಇಂಗ್ಲಿಷ್ ಓದಬಲ್ಲ ಮೊದಲನೆಯವನು ನಾನು. ಪ್ಲಾಸ್ಟಿಕ್ ಹಾಕಿಸಿದೆ, ಓದಲಿಲ್ಲ. ಮೆಡಿಕಲ್ ಶಾಪಿನವನಿಗಿಂತ ನಾನೇನು ದೊಡ್ಡವನಲ್ಲ.

ಬಳ್ಳಾರಿಯಲ್ಲಿ ರಕ್ತ ಕೊಟ್ಟೆವು. ಡಾಕ್ಟರು ರಿಪೋರ್ಟು ನೋಡಿ, "ಎದೆಯ ಗುಳಿಗೆಯಿಂದ ಥೈರಾಯ್ಡ್ ಕೆಲಸ ಕುಗ್ಗಿದೆ. ಚಳಿ, ಊತ, ತೂಕಡಿಕೆ ಎಲ್ಲ ಅದರಿಂದಲೇ. ಬರೆದಿದ್ದೆನಲ್ಲ?" ಎಂದರು.

"ಬರೆದಿದ್ರಿ. ಬಾಯಿಬಿಟ್ಟು ಹೇಳಿರಲಿಲ್ಲ" ಎಂದೆ. ಅವರು ಬೆಲ್ ಒತ್ತಿ ಮುಂದಿನ ಪೇಶೆಂಟನ್ನು ಕರೆದರು. ಕರೆಯುತ್ತಲೇ, ಹಳೆಯ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಜೊತೆಗೆ ಇದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ ಎಂದು ಹೊಸದೊಂದು ಬರೆದರು.

ಮೂರು ತಿಂಗಳಿಗೆ ಅವ್ವನ ಮುಖ ಇಳಿಯಿತು, ಕೌದಿ ಬಟ್ಟೆ ಹಾಕುವ ಗಳದ ಮೇಲೆ ಹೋಯಿತು. ಮಾವ ಮತ್ತೆ ಬಂದು ಪಡಸಾಲೆಯಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಅವತ್ತು ನಾ ಬೈದಿದ್ದಕ್ಕ ಎದ್ದಾಳ ನೋಡ್ರಿ."

ಅವ್ವ ಅಂಗೈ ಮೇಲೆ ಹೊಸ ಗುಳಿಗೆ ಇಟ್ಟು ಅವನ ಮೂಗಿನ ಕೆಳಗೆ ಹಿಡಿದಳು.

"ಇಷ್ಟೇ ಇಷ್ಟೈತಿ. ನೀ ಹುಟ್ಟಿದಾಗಿನಿಂದ ನಿನ್ನ ಬೈಗುಳ ನುಂಗೀನಿ, ಒಂದು ದಿನಾನೂ ಗುಣ ಕಾಣಲಿಲ್ಲ ತಮ್ಮಾ."