ಸಮಾಜಶಾಸ್ತ್ರ ಓದಿದವನ ಕಸುಬು

ಸಮಾಜಶಾಸ್ತ್ರವನ್ನು ನಾನು ಆಸೆಪಟ್ಟು ಆರಿಸಿಕೊಂಡವನಲ್ಲ. ನಿಜಾಮರ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಲಿಂಗಸುಗೂರಿನಲ್ಲಿ ಉರ್ದುವಿನಲ್ಲೇ ಮೆಟ್ರಿಕ್, ಗುಲ್ಬರ್ಗಾದಲ್ಲಿ ಇಂಟರ್ ಮುಗಿಸಿ ಹೈದರಾಬಾದಿನ ವಿಶ್ವವಿದ್ಯಾಲಯದ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತಿದ್ದೆ. ಅರ್ಥಶಾಸ್ತ್ರದ ಜಾಗ ತುಂಬಿವೆ, ಸಮಾಜಶಾಸ್ತ್ರದಲ್ಲಿ ಮಾತ್ರ ಉಳಿದಿವೆ ಅಂತ ಗುಮಾಸ್ತರು ಹೇಳಿದರು. ಬರೆದುಕೊಟ್ಟೆ. ಹಾಗೆ ಬರೆದದ್ದು ಏನು ಅಂತ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಮಸ್ಕಿಯಲ್ಲಿ ನಮ್ಮದು ಅರಿವೆ ಅಂಗಡಿ. ಮೊದಲ ರಜೆಗೆ ಬಂದಾಗ ಅಪ್ಪ ಬಟ್ಟೆಯ ಥಾನು ಸುತ್ತುತ್ತ ಕೇಳಿದ.

"ಡಾಕ್ಟರಿ ಓದಿದವ್ರು ಡಾಕ್ಟರ್ ಆಗ್ತಾರ. ವಕೀಲಿ ಓದಿದವ್ರು ವಕೀಲರಾಗ್ತಾರ. ಇದನ್ನ ಓದಿ ನೀ ಏನಾಗ್ತಿ?"

ಮಂದಿ ಹೇಗೆ ಬದುಕುತ್ತಾರೆ, ಯಾಕೆ ಹಾಗೆ ಬದುಕುತ್ತಾರೆ ಅನ್ನುವುದನ್ನು ಓದುತ್ತೇವೆ ಅಂದೆ.

"ಅದಕ್ಕ ಹೈದರಾಬಾದ್ ಯಾಕ ಬೇಕು? ಅಂಗಡ್ಯಾಗ ಕುಂತ್ರ ಕಾಣ್ತೈತಿ" ಅಂದ ಅಪ್ಪ.

ಯಾರಾದರೂ ಕೇಳಿದರೆ ಅಪ್ಪ "ಮಗ ವಕೀಲಿ ಓದಾಕತ್ತಾನ" ಅನ್ನತೊಡಗಿದ. ಅವನಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಗಿರಾಕಿಗಳಿಗೆ ತಿಳಿಸಿ ಹೇಳುವ ತ್ರಾಸು ತಪ್ಪಲಿ ಅಂತ ಅಷ್ಟೆ.

ಮುಂದಿನ ಬೇಸಿಗೆಯಲ್ಲಿ ಆ ಮಾತು ನಂಬಿ ಒಬ್ಬ ರೈತ ನಮ್ಮ ಅಂಗಡಿಗೆ ಬಂದ. ಸಿಂಧನೂರು ಕಡೆಯ ಮುಕ್ಕುಂದದವನು. ಐವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ಕಾಗದ. "ವಕೀಲ್ ಸಾಬ್ರ, ಇದನ್ನೊಂದೀಟು ನೋಡ್ರಿ" ಅಂದ. ಅಪ್ಪ ತಲೆ ಬಗ್ಗಿಸಿ ಅಳತೆಗೋಲು ಒರೆಸುತ್ತ ಕೂತ.

ನಾನು ವಕೀಲನಲ್ಲ, ಆದರೆ ಉರ್ದು ಬರುತ್ತದೆ ಅಂದೆ. ಕಾಗದ ಓದಿ ಕನ್ನಡದಲ್ಲಿ ಹೇಳಿದೆ. ಅಣ್ಣತಮ್ಮಂದಿರ ಪಾಲಿನ ಪತ್ರ ಅದು. ಹೊಲದಲ್ಲಿ ಅರ್ಧ ಅವನದು, ಅರ್ಧ ಅವನ ತಮ್ಮನದು. ತಮ್ಮ ತೀರಿಕೊಂಡಿದ್ದಾನೆ ಅಂತ ಅವನೇ ಹೇಳಿದ. ಮುಂದೆ ಏನು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೋಗುವಾಗ "ನಮ್ಮೂರಿಗೆ ಬರ್ರಿ" ಅಂದ.

ಕೊನೆಯ ವರ್ಷ ಒಂದು ಊರಿನ ಮನೆ ಮನೆಗೆ ಹೋಗಿ ಕೇಳಿ ಪ್ರಬಂಧ ಬರೆಯಬೇಕಿತ್ತು. ಆ ಕರೆ ನೆನಪಾಯಿತು. ಅಚ್ಚು ಹಾಕಿದ ಪ್ರಶ್ನೆಪಟ್ಟಿಗಳ ಕಟ್ಟು ಹೊತ್ತು ಮುಕ್ಕುಂದಕ್ಕೆ ಹೋದೆ. ರೈತ ಜೀವ ಕೊಟ್ಟು ನೋಡಿಕೊಂಡ. ಇರಲು ತನ್ನ ಪಡಸಾಲೆ ಕೊಟ್ಟ, ಬಿಸಿರೊಟ್ಟಿ ಉಣ್ಣಿಸಿದ, ತಾನೇ ಜೊತೆಗೆ ಬಂದು ಪ್ರತಿ ಬಾಗಿಲಲ್ಲೂ ನನ್ನನ್ನು ಪರಿಚಯ ಮಾಡಿಸಿದ. ನಾನು ಕಟ್ಟೆಯ ಮೇಲೆ ಕೂತು ಗಂಡಸರನ್ನು ಕೇಳುವುದು, ಬರೆಯುವುದು. ಯಜಮಾನ ಯಾರು, ಎಷ್ಟು ಮಂದಿ, ಏನು ಕಸುಬು. ಹೆಂಗಸರ ಹೆಸರಿನ ಮುಂದೆ ಕಸುಬಿನ ಕಾಲಂ ಬಂದಾಗ ಗಂಡಸರು "ಏನಿಲ್ಲ, ಮನ್ಯಾಗಿರ್ತಾಳ" ಅನ್ನುತ್ತಿದ್ದರು. ನಾನು "ಇಲ್ಲ" ಅಂತ ಬರೆಯುತ್ತಿದ್ದೆ. ಐದು ದಿನದಲ್ಲಿ ಅರ್ಧ ಊರು ಮುಗಿಯಿತು. ಕೆಲಸ ಇಷ್ಟು ಸಲೀಸಾ ಅನಿಸಿತ್ತು.

ಆರನೆಯ ದಿನ ರೈತನ ಮನೆಯದೇ ಸರದಿ. ಎಲ್ಲ ಹೇಳಿ ಕಡೆಗೆ, "ತಮ್ಮನ ಹೇಣ್ತಿನೂ ನಮ್ಮ ಜೋಡಿನೇ ಅದಾಳ. ಎಲ್ಲಾ ಒಂದ ಮನಿ, ಯಜಮಾನ ನಾನು" ಅಂದ. ಬರೆದೆ.

ಪಕ್ಕದ ಬಾಗಿಲಿನಿಂದ ದನಿ ಬಂತು. "ಬರದದ್ದನ್ನ ಓದ್ರಿ."

ತಲೆ ಮೇಲೆ ಸೆರಗು, ಮೊಣಕೈತನಕ ಒಣಗಿದ ಮಣ್ಣು. ತಮ್ಮನ ಹೆಂಡತಿ ಆಗಷ್ಟೇ ಹೊಲದಿಂದ ಬಂದಿದ್ದಳು. ನಾನು ಓದಿದೆ. ಅವಳ ಹೆಸರು ಬಂದಾಗ ಕಸುಬಿನ ಮುಂದೆ "ಇಲ್ಲ" ಎನ್ನುವುದನ್ನೂ ಓದಿದೆ.

"ನನ್ನ ಒಲಿ ಬ್ಯಾರೆ ಐತಿ, ಬಂದು ನೋಡ್ರಿ. ನನ್ನ ಗಂಡನ ಪಾಲು ನಾನು ಬಿತ್ತೀನಿ, ನಾನು ಕಳೆ ತಗೀತೀನಿ. ನೀವು ಒಂದ ಮನಿ ಅಂತ ಬರದೀರಿ. ಏನೂ ಮಾಡೂದಿಲ್ಲ ಅಂತ ಬರದೀರಿ. ನಾಳೆ ಯಾರರ ಇದನ್ನ ತೋರ್ಸಿದ್ರ ನಾ ಏನ್ ಹೇಳ್ಲಿ?"

ಇದು ಕಚೇರಿಯ ಕಾಗದವಲ್ಲ, ಓದಿನ ಕಾಗದ ಅಂದೆ. "ಕಾಗದ ಕಾಗದನ ಅಲ್ಲೇನ್ರಿ" ಅಂದಳು.

ಮಸ್ಕಿಯ ಅಂಗಡಿಯಲ್ಲಿ ಓದಿದ ಪಾಲಿನ ಪತ್ರ ಯಾಕೆ ಬಂದಿತ್ತು ಅನ್ನುವುದು ಆಗ ಹೊಳೆಯಿತು. ತೀರಿಕೊಂಡ ತಮ್ಮನ ಪಾಲೂ ತನ್ನದಾಗಬಹುದೇ ಅಂತ ತಿಳಿಯಲು ಅವನು ಬಂದಿದ್ದ. ರೈತನ ಮುಖ ನೋಡಿದೆ. ಅವನು ಬೇರೆ ಕಡೆ ನೋಡುತ್ತಿದ್ದ. ಉಂಡ ರೊಟ್ಟಿಯ ಋಣ ಒಂದು ಕಡೆ, ಕೇಳಿದ ಮಾತು ಒಂದು ಕಡೆ. ಎದ್ದು ಹೋಗಿ ಅವಳ ಒಲೆ ನೋಡಿ ಬಂದೆ. ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದು ಬೇರೆ ಮನೆ ಅಂತ ಬರೆದೆ. ಯಜಮಾನಿ ಅವಳು, ಕಸುಬು ಒಕ್ಕಲುತನ.

"ಕರಕೊಂಡು ತಿರುಗಿದವ ನಾನು, ಬರ್ಕೊಂಡಿದ್ದು ಆಕಿ ಮಾತು" ಅಂದ ರೈತ. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ಮಾತಿನಲ್ಲಿ. ಆ ಸಂಜೆಯೇ ನನ್ನ ಹಾಸಿಗೆ ಊರ ಮಠಕ್ಕೆ ಹೋಯಿತು. ಮರುದಿನದಿಂದ ಅವನು ನನ್ನನ್ನು ಮಾತಾಡಿಸಲಿಲ್ಲ.

ಮೊದಲ ಮನೆಯಿಂದ ಮತ್ತೆ ಶುರುಮಾಡಿದೆ. ಈ ಸಲ ಹಿತ್ತಲಿಗೆ, ಬಾವಿಕಟ್ಟೆಗೆ, ಹೊಲದ ಬದುವಿಗೆ ಹೋಗಿ ಹೆಂಗಸರನ್ನೂ ಕೇಳಿದೆ. ಮೊದಲು ಹೋಗದೆ ಬಿಟ್ಟಿದ್ದ ಊರಾಚೆಯ ಕೇರಿಗೂ ಹೋದೆ. ನನ್ನೂರು ಮಸ್ಕಿಯಲ್ಲೇ ನಾನು ಅಂಥ ಕೇರಿಗೆ ಕಾಲಿಟ್ಟಿರಲಿಲ್ಲ ಅನ್ನುವುದು ಅಲ್ಲಿ ನಿಂತಾಗ ನೆನಪಾಗಿ ನಾಚಿಕೆಯಾಯಿತು. ರಜೆ ಮುಗಿಯುವ ಹೊತ್ತಿಗೆ ಬೇಕಾದಷ್ಟು ಮನೆಗಳಾಗಿರಲಿಲ್ಲ. ಹೈದರಾಬಾದಿನಲ್ಲಿ ನನ್ನ ಗುರುಗಳು ಯಾಕೆ ಕಡಿಮೆ ಅಂತ ಕೇಳಿದರು. ನಡೆದದ್ದು ಹೇಳಿದೆ. ಹೊಡೆದುಹಾಕಿದ ಹಾಳೆಯನ್ನೂ ಪ್ರಬಂಧಕ್ಕೆ ಸೇರಿಸು ಅಂದರು. ಪಾಸಾಯಿತು, ಎರಡನೆಯ ದರ್ಜೆ.

ಡಿಗ್ರಿ ಬಂತು, ನೌಕರಿ ಬರಲಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡುವ ಕೆಲಸವಿದೆ ಅಂತ ಕೇಳಿ ಹೋದೆ. ಪಾಳಿ ಬಿಟ್ಟ ಗಂಡಸರು ಕೆಮ್ಮಣ್ಣು ಮೆತ್ತಿಕೊಂಡು ಸಾಲಾಗಿ ಹೊರಗೆ ಬರುತ್ತಿದ್ದರು. ಸಂದರ್ಶನ ಚೆನ್ನಾಗಿಯೇ ಆಯಿತು, ಆದರೆ ಅನುಭವ ಇದ್ದವರೊಬ್ಬರು ಬಂದಿದ್ದರು, ಕೆಲಸ ಅವರಿಗೆ ಹೋಯಿತು. ಲಿಂಗಸುಗೂರಿನ ಶಾಲೆಯಲ್ಲಿ ಒಂದು ವರ್ಷ ತಾತ್ಕಾಲಿಕ ಮಾಸ್ತರನಾಗಿದ್ದೆ. ಜೊತೆಗೆ ಓದಿದ ಒಬ್ಬ ಕಾನೂನಿಗೆ ಸೇರಿದ, ಇನ್ನೊಬ್ಬ ತಹಸೀಲಿನಲ್ಲಿ ಗುಮಾಸ್ತನಾದ. ನಾನೂ ಹಾಗೆ ಮಾಡಬಹುದಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ.

ಆಮೇಲೆ ಹಳ್ಳಿಗಳ ಸುಧಾರಣೆಗೆ ಸರ್ಕಾರ ಹೊಸ ಕಚೇರಿಗಳನ್ನು ತೆರೆಯಿತು. ಸಮಾಜ ಶಿಕ್ಷಣದ ಸಂಘಟಕ ಎನ್ನುವ ಹುದ್ದೆಗೆ ನನ್ನಂಥವರು ಬೇಕಾಗಿದ್ದರು. ಸಿಂಧನೂರಿಗೆ ಹಾಕಿದರು. ಕಾಲುವೆಯ ನೀರು ಬರುತ್ತದೆ ಎನ್ನುವ ಸುದ್ದಿ ಊರೂರಿಗೆ ಹಬ್ಬಿದ್ದ ಕಾಲ. ಜೋಳ ಬಿಟ್ಟರೆ ಬೇರೆ ಗೊತ್ತಿಲ್ಲದ ಮಂದಿ ಭತ್ತದ ಮಾತಾಡುತ್ತಿದ್ದರು, ಆಂಧ್ರದ ಕಡೆಯವರು ಬಂದು ಹೊಲ ನೋಡಿ ಹೋಗುತ್ತಿದ್ದರು.

ಮೊದಲ ವಾರ ಒಂದು ಹಳ್ಳಿಗೆ ಸೈಕಲ್ ಮೇಲೆ ಹೋದೆ. ಬೇವಿನ ಗಿಡದ ಕೆಳಗೆ ಹಗ್ಗ ಹೊಸೆಯುತ್ತಿದ್ದ ಮುದುಕ, "ಏನ್ ತಂದೀರಿ? ಬೀಜೇನು, ಗೊಬ್ಬರೇನು?" ಅಂತ ಕೇಳಿದ.

"ಏನೂ ತಂದಿಲ್ಲರಿ. ನೀರು ಬರೂದ್ರಾಗ ನಿಮಗೇನೇನ್ ಬೇಕು, ಏನ್ ಅಂಜಿಕಿ ಐತಿ, ಕೇಳಾಕ ಬಂದೀನಿ."

"ಕೇಳಾಕೂ ಪಗಾರ ಕೊಡ್ತಾರೇನು?"

"ಕೊಡ್ತಾರ."

ಮುದುಕ ಹಗ್ಗ ಕೆಳಗಿಟ್ಟು ಸರಿದು ಜಾಗ ಮಾಡಿದ. "ಹಂಗಾರ ಕುಂದ್ರಪಾ. ನಮ್ಮಾಕೀನೂ ಬರ್ಲಿ, ಹೇಳ್ತೀವಿ."