ಹಾಲಿನ ಕೆನೆಯಷ್ಟು ಸಿಹಿನೀರು

ನಾನು ಚಿಕ್ಕವನಿದ್ದಾಗ, ನಂಬಿದರೆ ನಂಬಿ ಮಕ್ಕಳೇ, ಒಂದು ವರ್ಷ ಸಮುದ್ರದ ನಡುವೆಯೇ ಇದ್ದೆ. ಹವಾಮಾನ ಇಲಾಖೆಯಲ್ಲಿದ್ದ ಅಪ್ಪನಿಗೆ ಮೈಸೂರಿನಿಂದ ಲಕ್ಷದ್ವೀಪದ ಒಂದು ಪುಟ್ಟ ದ್ವೀಪಕ್ಕೆ ವರ್ಗವಾಗಿತ್ತು. ಮಂಗಳೂರಿನಿಂದ ಹಾಯಿಹಡಗು. ದಾರಿಯುದ್ದಕ್ಕೂ ನನಗೆ ವಾಂತಿ, ಅಕ್ಕನಿಗೆ ಅಳು. "ಅಳಬೇಡ ಕಣೇ, ಸುಲ್ತಾನರ ಕಾಲದಲ್ಲಿ ಈ ದ್ವೀಪವೂ ನಮ್ಮ ಮೈಸೂರಿಗೇ ಸೇರಿತ್ತು" ಎಂದು ಅಪ್ಪ ಸಮಾಧಾನ ಮಾಡಿದರು.

ಅಬ್ಬಬ್ಬಾ, ಆ ದ್ವೀಪ! ಬೆಟ್ಟವಿಲ್ಲ, ಹೊಳೆಯಿಲ್ಲ. ಕಾಲಿಟ್ಟಲ್ಲೆಲ್ಲ ಹವಳದ ಬಿಳೀ ಮರಳು. ತೆಂಗಿನ ತೋಪಿನ ನಡುವೆ ನಿಂತರೆ ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ. ಅಷ್ಟೆಲ್ಲ ಉಪ್ಪುನೀರಿನ ಮಧ್ಯೆ ನಮ್ಮ ಹಿತ್ತಲಿನ ಬಾವಿಯಲ್ಲಿ ಸಿಹಿನೀರು! ಪಕ್ಕದ ಮನೆಯ ಅಜ್ಜಿಗೂ ಅದೇ ಬಾವಿ. ಅವರ ಮನೆಯಲ್ಲಿ ಆಗ ಬಾಣಂತಿ ಮಗಳು, ಮೂರು ದಿನದ ಕೂಸು.

ಆಗಲೇ, ಬೇಸಿಗೆಯ ಒಂದು ದಿನ, ನನಗೆ ಕಾವೇರಿಯಲ್ಲಿ ಮುಳುಗಿ ಏಳುತ್ತಿದ್ದುದು ನೆನಪಾಯಿತು. ತಗೋ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರು ಸೇದಿದ್ದೇ ಸೇದಿದ್ದು, ಸುರಿದುಕೊಂಡಿದ್ದೇ ಸುರಿದುಕೊಂಡಿದ್ದು. ಅಮ್ಮ ಬೈದರೂ ಕೇಳಲಿಲ್ಲ.

ಮಧ್ಯಾಹ್ನ ಅಜ್ಜಿ ಕೊಡ ಹಿಡಿದು ಬಂದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದರು. ಉಪ್ಪು! ಅಜ್ಜಿ ಬೈಯಲಿಲ್ಲ. ಅವರ ಗಂಡ ಮಂಗಳೂರಿಗೆ ಕೊಬ್ಬರಿ ಒಯ್ದು ಅಕ್ಕಿ ತರುತ್ತಿದ್ದರು. ಅವರಿಂದ ಕಲಿತ ಅರೆಬರೆ ಕನ್ನಡದಲ್ಲಿ ಅಜ್ಜಿ ಹೇಳಿದರು: "ಕೆಳಗೆ ಪೂರಾ ಸಮುದ್ರ, ಮಗಾ. ಮಳೆನೀರು ಅದರ ಮೇಲೆ ಹಾಲಿನ ಕೆನೆಯ ಹಾಗೆ ತೇಲ್ತಾ ಉಂಟು. ಜಾಸ್ತಿ ತೆಗೆದ್ರೆ ಸಮುದ್ರ ಮೇಲೆ ಬರ್ತದೆ."

ನಾನು ಕಾಲಕೆಳಗಿನ ಮರಳನ್ನೇ ನೋಡಿದೆ. ಅದರಡಿಯಲ್ಲೂ ಸಮುದ್ರವೇ! ಮೈ ಜುಮ್ಮೆಂದಿತು. ಆ ಕೂಸು ಮತ್ತು ಅದರ ತಾಯಿ ಈಗ ಏನು ಮಾಡಬೇಕು ಎಂದು ಹೆದರಿಕೆಯೂ ಆಯಿತು.

ಅಂದಿನಿಂದ ಅಪ್ಪನ ಅಪ್ಪಣೆಯಂತೆ ದ್ವೀಪದ ಆ ತುದಿಯ ಬಾವಿಯಿಂದ ಬಾಣಂತಿಗೆ ದಿನಾ ನೀರು ಹೊತ್ತೆ. ಒಮ್ಮೆ ಜೊತೆಗೆ ನಡೆಯುತ್ತಿದ್ದ ಅಜ್ಜಿ ಕೇಳಿದರು.

"ನಿಮ್ಮೂರಲ್ಲಿ ನೀರು ಎಲ್ಲಿಂದ?"

"ಹೊಳೆಯಿಂದ. ಹರೀತಾನೇ ಇರುತ್ತೆ."

"ಹರಿದು ಎಲ್ಲಿಗೆ ಹೋಗ್ತದೆ?"

"ಸಮುದ್ರಕ್ಕೆ."

ಅಜ್ಜಿ ನಿಂತೇಬಿಟ್ಟರು. "ಸಿಹಿನೀರು? ಅಷ್ಟೂ?"

ನಾನು ಕೊಡವನ್ನು ಒಂದು ಹನಿಯೂ ಚೆಲ್ಲದಂತೆ ಹಿಡಿದು ಮುಂದೆ ನಡೆದೆ.

ಮಳೆಗಾಲ ಹಿಡಿದ ಮೇಲೆ ಬಾವಿ ಮತ್ತೆ ಸಿಹಿಯಾಯಿತು. ಮೊದಲ ಗುಟುಕನ್ನು ಅಜ್ಜಿ ನನಗೇ ಕುಡಿಸಿದರು. ನಾನು ಅತ್ತುಬಿಟ್ಟೆ.

ಇಲ್ಲಿ ಈ ಪರದೇಶದ ಕೆಂಡಲ್ ಪಾರ್ಕಿನ ಮನೆಯಲ್ಲಿ ನೀವು ಹಲ್ಲುಜ್ಜಿ ಮುಗಿಸುವವರೆಗೂ ನಲ್ಲಿ ಸುರಿಯುತ್ತಲೇ ಇರುತ್ತದೆ. ನಾನು ಬಂದು ನಿಲ್ಲಿಸಿದರೆ "ತಾತಾ, ಇಟ್ಸ್ ಜಸ್ಟ್ ವಾಟರ್!" ಅಂತೀರಿ. ನಿಮ್ಮನ್ನೇನು ಬೈಯಲಿ, ಬಾವಿಯನ್ನೇ ಕೆಡಿಸಿದ ಭೂಪ ನಾನು. ಆದರೆ ಮೊನ್ನೆ ಕಾರಿನಲ್ಲಿ ರಾರಿಟನ್ ಹೊಳೆ ದಾಟುವಾಗ ನಿಮ್ಮಲ್ಲೇ ಎಲ್ಲರಿಗಿಂತ ಚಿಕ್ಕವಳು ಕಿಟಕಿಗೆ ಮೂಗು ಒತ್ತಿ, "ವೇರ್ ಡಸ್ ಇಟ್ ಗೋ, ತಾತಾ?" ಎಂದಳು. ಸಮುದ್ರಕ್ಕೆ, ಎಂದೆ.

ಅವಳು ನನ್ನ ಕಡೆ ತಿರುಗಿದಳು. ಕಣ್ಣು ಅಷ್ಟಗಲ. "ಆಲ್ ಆಫ್ ಇಟ್?"

ಅಂದು ಅಜ್ಜಿ ಕೇಳಿದ್ದೂ ಇದನ್ನೇ, ಮಕ್ಕಳೇ.