ಕುರ್ಚಿ ಬಿಡುವ ಮೊದಲು ಲಾಕ್

ನಮ್ಮ ಕಚೇರಿಯ ಅಕ್ಕನ ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆ. ಕುರ್ಚಿಯಿಂದ ಏಳುವ ಮುನ್ನ ಎರಡೂ ಕೈ ಚಾಚಿ ಕೀಬೋರ್ಡಿನ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುತ್ತಿದ್ದರು. ಬಳೆ ಮೇಜಿಗೆ ತಾಗಿ ಸದ್ದಾಗುವುದು, ಪರದೆ ಲಾಕ್ ಆಗುವುದು, ಎರಡೂ ಒಂದೇ ಗಳಿಗೆಗೆ. ನೀರು ಕುಡಿಯಲು ಎದ್ದರೂ ಹಾಗೆಯೇ, ಹಿರಿಯರು ಬಂದರೆಂದು ನಮಸ್ಕಾರಕ್ಕೆ ಎದ್ದರೂ ಹಾಗೆಯೇ.

ರಾಯಬಾಗದಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಸಣ್ಣ ವಿಭಾಗ ಕಚೇರಿ ನಮ್ಮದು. ಯಾರ ಹೊಲದ ಕಬ್ಬು ಯಾವಾಗ ಕಡಿಯಬೇಕೆಂಬ ಪಾಳಿ ನಮ್ಮ ಕಂಪ್ಯೂಟರಿನಲ್ಲಿ. ಮೊದಲು ನಾಟಿ ಮಾಡಿದವರದು ಮೊದಲು. ಪಾಳಿ ತಪ್ಪಿದರೆ ಕಬ್ಬು ನಿಂತಲ್ಲೇ ಒಣಗಿ ತೂಕ ಇಳಿಯುತ್ತದೆ, ಹಾಗಾಗಿ ಕಬ್ಬು ಕಡಿಯುವ ಹಂಗಾಮಿನಲ್ಲಿ ಬಂದವರ ಕಣ್ಣೆಲ್ಲ ಆ ಪರದೆಯ ಮೇಲೆ. ಪಾಳಿ ಬದಲಿಸಿದರೆ, ಯಾರ ಲಾಗಿನ್‌ನಿಂದ ಬದಲಾಯಿತೋ ಅವರ ಹೆಸರು ಪಕ್ಕದಲ್ಲೇ ಉಳಿಯುತ್ತಿತ್ತು.

ನಮ್ಮ ಕಡೆಯ ರೀತಿ ಗೊತ್ತಲ್ಲ! ಹಿರಿಯರು ಬಂದರೆ ಎದ್ದು ನಮ್ಮ ಕುರ್ಚಿಯನ್ನೇ ಕೊಡಬೇಕು, ಚಹಾ ತರಿಸಬೇಕು. ಕೂತವರು ತೆರೆದ ಪರದೆಯಲ್ಲಿ ಕೈ ಆಡಿಸಿದರೆ ಬೇಡವೆನ್ನುವುದು ಹೇಗೆ? ಪಾಸ್‌ವರ್ಡ್ ಅಂತೂ ಉಪ್ಪಿನಕಾಯಿ ಇದ್ದ ಹಾಗೆ, ಕಚೇರಿಗೆಲ್ಲ ಒಂದೇ ಭರಣಿ. ಕೊಡಲ್ಲ ಎಂದವರು ಸೊಕ್ಕಿನವರು. ಅಕ್ಕ ಕೊಡುತ್ತಿರಲಿಲ್ಲ.

“ಬಂಗಾರ ಇಟ್ಟೀರೇನ್ರಿ ಅಕ್ಕಾರ ಒಳಗ?” ಎಂದು ಪಕ್ಕದ ಮೇಜಿನಿಂದ ನಾನು ಕಾಡುತ್ತಿದ್ದೆ.

“ನನ್ನ ಹೆಸರ ಐತೆವಾ ಅದರಾಗ. ಮಂದಿ ಕೈಯಾಗ ಕೊಟ್ಟ ನಾ ಎಲ್ಲಿ ಹೋಗ್ಲಿ?” ಎಂದು ನಗುತ್ತಿದ್ದರು.

ಅಕ್ಕ ಜೈನರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಹಂಗಾಮಿನಲ್ಲಿ ಮನೆ ಸೇರುವುದು ತಡವಾಗುತ್ತದೆಂದು ಸಂಜೆಯ ಊಟವನ್ನೂ ಡಬ್ಬಿಯಲ್ಲಿ ತರುತ್ತಿದ್ದರು. ಒಂದು ಸಂಜೆ ಡಬ್ಬಿ ಮೇಜಿನ ಮೇಲಿಟ್ಟು, ಪರದೆ ಲಾಕ್ ಮಾಡಿ, ಕೈ ತೊಳೆಯಲು ಏಳುತ್ತಿದ್ದಾಗ ವಿಭಾಗದ ಸಾಹೇಬರು ಒಬ್ಬ ಸಾವಕಾರರನ್ನು ಕರೆದುಕೊಂಡು ಒಳಗೆ ಬಂದರು. ಸಾವಕಾರರ ಕಬ್ಬು ಮುಂದೆ ಬರಬೇಕಿತ್ತು. ಬಂದರೆ ದಿಗ್ಗೇವಾಡಿಯ ಮೂರು ಮನೆಯವರ ಪಾಳಿ ಹಿಂದೆ ಬೀಳುತ್ತಿತ್ತು.

“ಇವರದ ಮೊದಲ ಹಾಕ್ರಿ,” ಎಂದರು ಸಾಹೇಬರು.

“ನಿಮ್ಮದೂ ಲಾಗಿನ್ ಐತೆಲ್ರಿ ಸಾಹೇಬ್ರ. ನಿಮ್ಮ ಹೆಸರಿನ್ಯಾಗ ಹಾಕ್ರಿ.”

ಸಾಹೇಬರ ಮುಖ ಕಪ್ಪಿಟ್ಟಿತು. ಅವರಿಗೆ ಕೆಲಸವೂ ಆಗಬೇಕು, ಹೆಸರು ಅಕ್ಕನದೇ ಇರಬೇಕು. ದನಿ ಮೆತ್ತಗೆ ಮಾಡಿದರು. “ನೀವು ಏನೂ ಮಾಡಬ್ಯಾಡ್ರಿ. ಬರೇ ತೆರದಿಟ್ಟ ಊಟಕ್ಕ ಹೋಗ್ರಿ. ಇಲ್ಲಾಂದ್ರ ಊಟ ಬಿಟ್ಟ ಇಲ್ಲೇ ಕುಂದರ್ರಿ. ಮುಂದಿನ ತಿಂಗಳ ನಿಮ್ಮ ಕಾಂಟ್ರ್ಯಾಕ್ಟ್ ಮುಗೀತೈತಿ, ನೆನಪೈತೆಲ್ಲ?”

ಎಂಥ ನಾಜೂಕು ನೋಡಿ! ಅಕ್ಕ ಮತ್ತೆ ಕೂತರು. “ತೆರೆಯೂದಿಲ್ರಿ,” ಎಂದರು, ಅಷ್ಟೇ. ಸಾಹೇಬರು ಎದುರಿಗೆ ಕುರ್ಚಿ ಎಳೆದುಕೊಂಡರು, ಸಾವಕಾರರೂ ಪಕ್ಕದಲ್ಲಿ ಕೂತರು. ಕಿಟಕಿಯ ಆಚೆ ಬಿಸಿಲು ಕೆಂಪಾಗಿ ಗೋಡೆ ಹತ್ತುತ್ತಿತ್ತು. ತೆರೆದುಬಿಡ್ರಿ ಅಕ್ಕಾರ, ಸುಡುಗಾಡು ಪಾಳಿ ಹಾಳಾಗಿ ಹೋಗಲಿ, ಮೊದಲು ಉಣ್ಣಿರಿ ಎಂದು ಕೂಗಬೇಕೆನಿಸಿತು. ಅಕ್ಕ ಒಮ್ಮೆ ಕಿಟಕಿ ನೋಡುವರು, ಒಮ್ಮೆ ಡಬ್ಬಿ ನೋಡುವರು. ಗೋಡೆಯ ಮೇಲಿನ ಬಿಸಿಲು ಆರಿತು. ಅಕ್ಕ ಬಿಚ್ಚದ ಡಬ್ಬಿಯನ್ನು ಎತ್ತಿ ಚೀಲದೊಳಗೆ ಇಟ್ಟುಕೊಂಡರು.

ಸಾವಕಾರರು ದಡಕ್ಕನೆ ಎದ್ದರು. ಅವರೂ ಜೈನರೇ, ಆ ಡಬ್ಬಿ ಚೀಲ ಸೇರಿದ್ದರ ಅರ್ಥ ಯಾರೂ ಹೇಳಬೇಕಿರಲಿಲ್ಲ.

“ಸಾಕು ಸಾಹೇಬ್ರ, ಜಾವು ದ್ಯಾ, ಬಿಡ್ರಿ. ನನ್ನ ಕಬ್ಬಿನ ಸಲುವಾಗಿ ಹೆಣ್ಮಗಳ ಉಪಾಸ ಬಿದ್ದಳಂದ್ರ ನಮ್ಮವ್ವ ನನ್ನ ಮನಿ ಒಳಗ ಬಿಟ್ಟಕೊಳ್ಳೂದಿಲ್ಲ,” ಎಂದು ಅಕ್ಕನಿಗೆ ಕೈ ಮುಗಿದು ಹೊರಟೇಹೋದರು.

ಸಾಹೇಬರು ಮಾತ್ರ ಮರೆಯಲಿಲ್ಲ. ಅಕ್ಕನ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಕೊನೆಯ ದಿನ ಅಕ್ಕ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, “ನಿನ್ನ ಪಾಸ್‌ವರ್ಡ್ ಹೊಸಾದ ಹಾಕವಾ,” ಎಂದವರೇ ತಾವು ಗೋಡೆಯ ಕಡೆ ತಿರುಗಿ ನಿಂತರು.

“ನೀವ್ ನೋಡಿದ್ರ ಏನಾತ್ರಿ ಅಕ್ಕಾರ?”

“ನನಗೂ ತೋರಸಬ್ಯಾಡ. ಹಾಕಿದ್ದಾತಂದ್ರ ಹೇಳು.”

ಹಾಕುವಷ್ಟರಲ್ಲಿ ನನಗೆ ಅಳು ಬಂದು ಎರಡು ಸಲ ತಪ್ಪಿತು. ಅಕ್ಕ ಗೋಡೆ ನೋಡುತ್ತಲೇ, “ಸಾವಕಾಶ ಮಾಡವಾ,” ಎಂದರು. ಆ ಕುರ್ಚಿಯಲ್ಲಿ ಕೂತ ಮೇಲೆ ನನಗೂ ಬೆದರಿಕೆಗಳು ಬಂದವು. ಯಾರಿಗೂ ತೆರೆದುಕೊಡಲಿಲ್ಲ.

ಮುಂದಿನ ಹಂಗಾಮಿನಲ್ಲಿ ಪಾಳಿ ಅದಲುಬದಲಾದ ಬಗ್ಗೆ ರೈತರ ತಕರಾರು ಜೋರಾಗಿ, ಮುಖ್ಯ ಕಚೇರಿಯವರು ವಿಚಾರಣೆಗೆ ಬಂದರು. ಪಕ್ಕದ ವಿಭಾಗದ ಹುಡುಗಿಯೊಬ್ಬಳು, “ನಾ ಮಾಡಿಲ್ರಿ, ನನ್ನ ಲಾಗಿನ್‌ನ್ಯಾಗ ಬ್ಯಾರೆದವ್ರ ಮಾಡ್ಯಾರ್ರಿ,” ಎಂದು ಎಷ್ಟು ಅತ್ತರೂ ಕೆಲಸ ಕಳೆದುಕೊಂಡಳು. ನನ್ನ ಹೆಸರಿನಲ್ಲಿದ್ದುದನ್ನೆಲ್ಲ ನೋಡಿ, “ಇವೆಲ್ಲಾ ನೀವ ಮಾಡಿದ್ದೇನು?” ಎಂದು ಕೇಳಿದರು.

“ಹೌದ್ರಿ. ಎಲ್ಲಾ ನಾನ ಮಾಡಿದ್ದು,” ಎಂದೆ. ಒಂದೂ ತಪ್ಪು ಸಿಗಲಿಲ್ಲ.

ಓಡಿಹೋಗಿ ಅಕ್ಕನಿಗೆ ಹೇಳೋಣವೆಂದರೆ ಅಕ್ಕ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲೇ ಕಬ್ಬೂರಿನ ಮನೆಯಲ್ಲಿ ತೀರಿಕೊಂಡಿದ್ದರು. ಅವರ ಕೆಲಸ ಹೋಯಿತು, ಅವರಿಂದ ನನ್ನದು ಉಳಿಯಿತು. ಅದನ್ನು ಅವರಿಗೆ ಹೇಳಲಾಗದ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.